ಮಣಿ ಮತ್ತು ಕಚ್ಚು: ಕೈಬಂದೂಕಿನ ಗುರಿ ತಿದ್ದುವ ವಿದ್ಯೆ ಬೆಳೆದು ಬಂದ ಬಗೆ

ಮಹಾನವಮಿಯ ದಿನ ಆಯುಧಪೂಜೆಗೆ ಕುಳಿತ ಕೋವಿಗೆ ಗಂಧ, ಕುಂಕುಮ, ಹೂವುಗಳನ್ನು ಅರ್ಪಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲೆಲ್ಲ ಉಂಟಷ್ಟೆ; ಚಾಮರಾಜನಗರ, ಗುಂಡ್ಲುಪೇಟೆಗಳ ಕಾಡಂಚಿನಲ್ಲಿ ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಮನೆಗಳಲ್ಲಿಯೂ, ಆತ್ಮರಕ್ಷಣೆಗೆಂದು ರಿವಾಲ್ವರನ್ನಿಟ್ಟುಕೊಂಡ ಕೆಲವೇ ಕೆಲವು ಮನೆಗಳಲ್ಲಿಯೂ ಅಂದು ಆಯುಧವು ಪೆಟ್ಟಿಗೆಯಿಂದ ಹೊರಬಂದು ಮಣೆಯನ್ನೇರುವುದು. ಪೂಜೆ ಮುಗಿದ ಮೇಲೆ ಒರೆಸುವವರು ನಳಿಗೆಯನ್ನೂ ಹಿಡಿಯನ್ನೂ ಒರೆಸಿಡುತ್ತಾರೆಯೇ ಹೊರತು, ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಕಿರಿದಾಗಿ ನಿಂತ ಮಣಿಯನ್ನೂ, ಹಿಂಬದಿಯಲ್ಲಿ ಅದಕ್ಕೆ ಎದುರಾಗಿ ಕೊರೆದ ಕಚ್ಚನ್ನೂ ಮರೆಯುವುದೇ ಹೆಚ್ಚು. ಮರುವರ್ಷದ ನವಮಿಯವರೆಗೂ ಕಚ್ಚಿನಲ್ಲಿ ಕುಂಕುಮವು ಗಟ್ಟಿಯಾಗಿ ಕುಳಿತಿರುವುದುಂಟು. ಆದರೆ ಹೊಡೆದ ಗುಂಡು ನೋಡಿದ ಕಡೆಗೇ ಹೋಗಬೇಕೆಂಬ ಒಪ್ಪಂದವೆಲ್ಲ ನಿಂತಿರುವುದು ಆ ಎರಡು ಚೂರು ಕಬ್ಬಿಣದ ಮೇಲೆಯೇ. ಅವು ಕೂದಲೆಳೆಯಷ್ಟು ಸರಿದರೂ ಒಪ್ಪಂದವು ಮುರಿಯುವುದು. ಮುರಿದುದನ್ನು ಮನೆಯಲ್ಲಿ ಕುಳಿತು ತಿದ್ದಿಕೊಳ್ಳಬಹುದೇ ಎಂಬ ಪ್ರಶ್ನೆಯಾದರೋ, ಕೈಬಂದೂಕು ಹುಟ್ಟಿದ ಬಹುಕಾಲದ ಮೇಲೆ ಹುಟ್ಟಿದ್ದು.

ಏಕೆಂದರೆ ಮೊದಲಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಬತ್ತಿಯ ಕೋವಿಯ ಕಾಲದಲ್ಲಿಯೂ, ಅದರ ತರುವಾಯ ಬಂದ ಚಕಮಕಿಯ ಕಾಲದಲ್ಲಿಯೂ ನಳಿಗೆಯ ಒಳಮೈ ನುಣುಪಾಗಿದ್ದು, ಉಂಡೆಯಾದ ಸೀಸದ ಗುಂಡು ಅದರೊಳಗೆ ಸಡಿಲವಾಗಿ ಉರುಳಿ, ಹೊರಬೀಳುವಾಗ ಯಾವ ಅಂಚನ್ನು ಕಡೆಯದಾಗಿ ಮುಟ್ಟುವುದೋ ಅದಕ್ಕೆ ವಿಮುಖವಾಗಿ ಹಾರುತ್ತಿದ್ದುದರಿಂದ, ಎಷ್ಟು ಸೂಕ್ಷ್ಮವಾದ ಗುರಿಸಾಧನವನ್ನಿಟ್ಟರೂ ಫಲವು ಅಷ್ಟಕ್ಕಷ್ಟೆ. ಉದ್ದನೆಯ ಕೋವಿಗೆ ಮುಂಬದಿಯಲ್ಲೊಂದು ಮಣಿ ಸಾಕೆನ್ನಿಸಿದ್ದಿತು. ಪಿಸ್ತೂಲುಗಳಲ್ಲಿ ಅನೇಕಕ್ಕೆ ಹಿಂದಿನ ಕಚ್ಚೇ ಇರಲಿಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪು ಸುಲ್ತಾನನಿಗೆಂದು ತಯಾರಾಗಿ, 1799ರ ಪತನದ ಅನಂತರ ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದ ಚಕಮಕಿಯ ಆಯುಧಗಳನ್ನು ಕಂಡವರು ಅವುಗಳ ಹುಲಿಮೊಗದ ಅಲಂಕಾರವನ್ನೂ ಚಿನ್ನದ ಕೆತ್ತನೆಯನ್ನೂ ಕೊಂಡಾಡುವರು. ಗುರಿಯ ಏರ್ಪಾಟನ್ನು ಕೊಂಡಾಡಿದವರನ್ನು ನಾನರಿಯೆ. ಆ ಪಿಸ್ತೂಲಿನ ಕರ್ತವ್ಯವು ತೋಳಿನಳತೆಯಲ್ಲಿ ಮುಗಿಯುತ್ತಿದ್ದಿತು.

ದೂರಕ್ಕೆ ನೋಡಿ ಹೊಡೆಯಬೇಕೆಂಬ ಹಂಬಲವು ನಳಿಗೆಯೊಳಗೆ ಸುರುಳಿಯಾಗಿ ಗೆರೆ ಕೊರೆಯುವ ವಿದ್ಯೆಯೊಡನೆ ಬೆಳೆಯಿತು. ಗುಂಡು ತನ್ನ ಅಕ್ಷದ ಮೇಲೆ ತಿರುಗುತ್ತ ಹೋದುದರಿಂದ ಮಾರ್ಗವು ಸ್ಥಿರವಾಯಿತು. ಮಾರ್ಗವು ಸ್ಥಿರವಾದೊಡನೆ ಅದು ಭೂಮಿಯ ಕಡೆಗೆ ಬಾಗುವುದೂ ಕಣ್ಣಿಗೆ ಕಾಣತೊಡಗಿತು. ಆಗ ತಿಳಿದುಬಂದುದೇನೆಂದರೆ, ಕಣ್ಣಿನ ರೇಖೆಯೂ ನಳಿಗೆಯ ರೇಖೆಯೂ ಸಮಾನಾಂತರವಾಗಿದ್ದರೆ ಪ್ರಯೋಜನವಿಲ್ಲ, ನಳಿಗೆಯು ಇಷ್ಟೇ ಇಷ್ಟು ಮೇಲ್ಮುಖವಾಗಿರಬೇಕು, ಆ ಇಷ್ಟು ಎಂಬುದು ದೂರಕ್ಕೆ ತಕ್ಕಂತೆ ಬದಲಾಗಬೇಕು ಎಂಬುದು. 1853ರ ಎನ್‌ಫೀಲ್ಡ್ ರೈಫಲಿಗೆ ಏಣಿಯಂತೆ ಎದ್ದು ನಿಲ್ಲುವ ಹಿಂಗುರಿಯನ್ನಿತ್ತರು. ನೂರು ಗಜಕ್ಕೊಂದು, ಇನ್ನೂರಕ್ಕೊಂದು ಎಂಬಂತೆ ಮಡಚುವ ಎಲೆಗಳು ಬೇಟೆಯ ರೈಫಲುಗಳಿಗೆ ಬಂದವು.

ಈ ಬೇಟೆಯ ಆಯುಧಗಳು ನಮ್ಮ ಸೀಮೆಗೆ ಹೊಕ್ಕ ಬಗೆಗೆ ಸಾಕ್ಷಿ ಬೇಕಾದರೆ ಜಿ. ಪಿ. ಸ್ಯಾಂಡರ್ಸನ್ ಎಂಬಾತನ ವೃತ್ತಾಂತವನ್ನು ನೋಡಬೇಕು. ಮೈಸೂರು ಸಂಸ್ಥಾನದ ಕಾಲುವೆಗಳ ಉಸ್ತುವಾರಿಗೆಂದು ಬಂದ ಈ ತರುಣನು ಚಾಮರಾಜನಗರದ ಸಮೀಪದಲ್ಲಿಯೇ ಬಂಗಲೆಯನ್ನು ಕಟ್ಟಿಕೊಂಡು, ಸೋಲಿಗರ ಜಾಡಿನ ವಿದ್ಯೆಯನ್ನು ನಂಬಿ ಬಿಳಿಗಿರಿರಂಗನ ಬೆಟ್ಟದ ತಪ್ಪಲನ್ನೆಲ್ಲ ಸುತ್ತಿ, 1874ರಲ್ಲಿ ಅಲ್ಲಿಯೇ ಖೆಡ್ಡಾ ತೋಡಿಸಿ ಐವತ್ತಕ್ಕೂ ಮೇಲ್ಪಟ್ಟು ಆನೆಗಳನ್ನು ಒಂದೇ ಸಲಕ್ಕೆ ಹಿಡಿಸಿದನು. 1878ರಲ್ಲಿ ಪ್ರಕಟವಾದ ಅವನ ಗ್ರಂಥವು ಈ ಕಾಡಿನ ಬಗೆಗೆ ಇಂದಿಗೂ ಓದತಕ್ಕದ್ದು. ಆನೆಯ ಬೇಟೆಗೆ ಅವನು ನೆಚ್ಚಿದ್ದು ನಾಲ್ಕು ಬೋರಿನ, ಎಂಟು ಬೋರಿನ ಭಾರೀ ಕೋವಿಗಳನ್ನು. ಒಂದು ಪೌಂಡು ಸೀಸದಿಂದ ಎಷ್ಟು ಉಂಡೆಗಳಾಗುವುವೋ ಅದೇ ಬೋರಿನ ಸಂಖ್ಯೆಯಾದಕಾರಣ, ನಾಲ್ಕು ಬೋರೆಂದರೆ ಉಂಡೆಯೊಂದಕ್ಕೆ ಕಾಲು ಪೌಂಡು! ಇಂದು ಗುಂಡ್ಲುಪೇಟೆಯ ರೈತನು ಹಿಡಿಯುವ ಹನ್ನೆರಡು ಬೋರಿನ ಜೋಡುನಳಿಗೆಯೂ ಅದೇ ಲೆಕ್ಕದ ಸಂತತಿ. ಅಂದಿನ ಜೋಡುನಳಿಗೆಯ ರೈಫಲುಗಳ ಗುರಿಯನ್ನು ತಿದ್ದುತ್ತಿದ್ದುದು ಕೊಂಡವನಲ್ಲ; ಲಂಡನ್ ಬರ್ಮಿಂಗ್‌ಹ್ಯಾಮ್‌ಗಳ ಕುಶಲಿಯು ಎರಡು ನಳಿಗೆಗಳ ನಡುವೆ ಬೆಣೆಯನ್ನಿಟ್ಟು ಬೆಸುಗೆ ಹಾಕಿ, ಹೊಡೆದು ನೋಡಿ, ಬೆಸುಗೆಯನ್ನು ಕರಗಿಸಿ, ಬೆಣೆಯನ್ನು ಸರಿಸಿ, ಮತ್ತೆ ಹೊಡೆದು ನೋಡಿ, ಎರಡು ಗುಂಡುಗಳೂ ಗೊತ್ತಾದ ದೂರದಲ್ಲಿ ಒಂದೆಡೆ ಕೂಡುವವರೆಗೆ ದುಡಿಯುತ್ತಿದ್ದನು. ಅಷ್ಟಾದ ಮೇಲೆ ಯಾರೂ ಅದನ್ನು ಮುಟ್ಟಬಾರದು.

ಕೈಬಂದೂಕಿನ ಮಟ್ಟಿಗೆ ಈ ಆದರವು ತಡವಾಗಿ ಬಂದಿತು. ಅಂಬಾರಿಯ ಮೇಲೆ ಕುಳಿತ ದೊರೆಗಳು ಗಾಯಗೊಂಡ ಹುಲಿಯು ಆನೆಯ ಮೈಯನ್ನೇರಿ ಬಂದರೆ ಬೇಕಾದೀತೆಂದು ಸೊಂಟದಲ್ಲಿಟ್ಟುಕೊಳ್ಳುತ್ತಿದ್ದ ಜೋಡುನಳಿಗೆಯ ‘ಹೌಡಾ ಪಿಸ್ತೂಲು’ ಗುರಿಯಿಡುವ ವ್ಯವಧಾನಕ್ಕಾಗಿ ಹುಟ್ಟಿದುದೇ ಅಲ್ಲ. 1873ರ ಕೋಲ್ಟ್ ರಿವಾಲ್ವರಿನಲ್ಲಿ ಹಿಂದಿನ ಕಚ್ಚೆಂದರೆ ಚೌಕಟ್ಟಿನ ನೆತ್ತಿಯ ಮೇಲೆ ಎಳೆದ ಒಂದು ಗೆರೆ, ಅದನ್ನು ಸರಿಸುವಂತಿಲ್ಲ. 1887ರಲ್ಲಿ ಬ್ರಿಟಿಷ್ ಸೈನ್ಯವು ಸ್ವೀಕರಿಸಿದ ವೆಬ್ಲಿಯಲ್ಲಿ ಕಚ್ಚನ್ನು ಕೊರೆದದ್ದು ನಳಿಗೆಯನ್ನು ಚೌಕಟ್ಟಿಗೆ ಬಿಗಿಯುವ ಚಿಲಕದ ಮೇಲೆಯೇ. ಮಡಚಿ ತೆರೆಯುವ ಆ ಕುಲದ ರಿವಾಲ್ವರುಗಳಲ್ಲಿ ಚಿಲಕವು ಸವೆದು ಅಲುಗತೊಡಗಿದರೆ ಕಚ್ಚೂ ಅದರೊಡನೆ ಅಲುಗುವುದು. ಒಡೆಯನು ಮಣಿಯನ್ನು ಶಂಕಿಸುತ್ತ ಕುಳಿತಿರುವಾಗ ರೋಗವು ಬೇರೆಡೆಯಲ್ಲಿರುವುದು. ಕಾನ್ಪುರದ ಸರ್ಕಾರೀ ಕಾರ್ಖಾನೆಯಿಂದ ಹೊರಟು ನಮ್ಮಲ್ಲಿ ಬಹುಮಂದಿ ಲೈಸೆನ್ಸುದಾರರ ಕೈಸೇರಿರುವ .32 ರಿವಾಲ್ವರು ಈ ವಂಶಕ್ಕೇ ಸೇರಿದ್ದು.

ಪಿಸ್ತೂಲಿನಿಂದಲೂ ಸೂಕ್ಷ್ಮವಾಗಿ ಹೊಡೆಯಬಹುದೆಂದು ಪಣತೊಟ್ಟವರು ಸೈನಿಕರಲ್ಲ, ಪಂದ್ಯದ ಹವ್ಯಾಸಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇ. ಇ. ಪ್ಯಾಟ್ರಿಡ್ಜ್ ಎಂಬ ಅಮೆರಿಕನ್ನನು ದುಂಡುಮಣಿಯನ್ನು ಬಿಟ್ಟು ಚೌಕಾಕಾರದ ಮುಂಗುರಿಯನ್ನೂ ಚೌಕಾಕಾರದ ಕಚ್ಚನ್ನೂ ಬಳಕೆಗೆ ತಂದನು: ಕಚ್ಚಿನೊಳಗೆ ಮುಂಗುರಿಯು ನಿಂತಾಗ ಎರಡೂ ಪಕ್ಕದಲ್ಲಿ ಸಮನಾದ ಬೆಳಕಿನ ಸೀಳು ತೋರಬೇಕು, ನೆತ್ತಿಗಳೆರಡೂ ಒಂದೇ ಮಟ್ಟದಲ್ಲಿರಬೇಕು. ಇಂದಿನ ಬಹುಪಾಲು ಪಿಸ್ತೂಲುಗಳ ಗುರಿಯು ಆ ಚೌಕದ ಮಗುವೇ. ಹಿಂಗುರಿಯನ್ನು ತಿರುಪಿನಿಂದ ಎಡಬಲಕ್ಕೂ ಮೇಲುಕೆಳಗೂ ಸರಿಸುವ ಏರ್ಪಾಟೂ ಈ ಹವ್ಯಾಸಿಗಳಿಂದಲೇ ಬೆಳೆಯಿತು. ಕಾರ್ಖಾನೆಯ ಕುಶಲಿಯ ಅಧಿಕಾರವು ಮೊತ್ತಮೊದಲಿಗೆ ಒಡೆಯನ ಬೆರಳಿಗೆ ಬಂದಿತು.

ಆ ಅಧಿಕಾರದ ಭಾರವೆಷ್ಟೆಂಬುದನ್ನು ಒಂದು ಸಣ್ಣ ಗಣಿತದಿಂದ ಕಾಣಬಹುದು. ಮಣಿಗೂ ಕಚ್ಚಿಗೂ ನಡುವಣ ಅಂತರ 15 ಸೆಂಟಿಮೀಟರು, ಗುರಿಹಲಗೆಯ ದೂರ 15 ಮೀಟರು ಎಂದಿಟ್ಟುಕೊಂಡರೆ ದೂರವು ಅಂತರದ ನೂರರಷ್ಟಾಯಿತು. ಆದಕಾರಣ ಕಚ್ಚಿನಲ್ಲಿ ಒಂದು ಮಿಲಿಮೀಟರಿನ ತಪ್ಪು ಹಲಗೆಯ ಮೇಲೆ ನೂರು ಮಿಲಿಮೀಟರು, ಎಂದರೆ ಹೆಚ್ಚುಕಡಮೆ ಗೇಣರ್ಧ. ಅದೇ ತಪ್ಪು, ಅಂತರವು 75 ಸೆಂಟಿಮೀಟರಿರುವ ಉದ್ದ ಕೋವಿಯಲ್ಲಿ, ಎರಡೇ ಸೆಂಟಿಮೀಟರಿಗೆ ಮುಗಿಯುವುದು. ಬೆಳೆ ಕಾಯುವವನ ಕೋವಿಗೆ ಕ್ಷಮ್ಯವಾದುದು ಕೈಬಂದೂಕಿಗೆ ಕ್ಷಮ್ಯವಲ್ಲ. ಸರಿಸುವ ದಿಕ್ಕಿನ ನಿಯಮವೂ ಸರಳವೇ: ಹಿಂಗುರಿಯನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸಬೇಕು, ಮುಂಗುರಿಯನ್ನು ಅದರ ವಿರುದ್ಧಕ್ಕೆ. ಗುಂಡು ಕೆಳಗೆ ಬೀಳುತ್ತಿದ್ದರೆ ಹಿಂಗುರಿ ಏರಬೇಕು, ಇಲ್ಲವೆ ಮುಂಗುರಿ ತಗ್ಗಬೇಕು.

ತಿರುಪಿಲ್ಲದ ಆಯುಧವನ್ನು ನುರಿತ ದುರಸ್ತಿಗಾರನು ತಿದ್ದುವ ರೀತಿಯು ನೋಡತಕ್ಕದ್ದು. ಆಯುಧವು ಖಾಲಿಯಿದೆಯೇ ಎಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ವೈಸಿನ ದವಡೆಗಳಿಗೆ ತೊಗಲು ಹಾಸಿ ಅದನ್ನು ಹಿಡಿಸುವನು. ಮೇಲೆ ಕಿರಿದಾಗಿ ಬುಡದಲ್ಲಿ ಅಗಲವಾಗಿ ಕೊರೆದ ಜಾಡಿನಲ್ಲಿ ಹಿಂಗುರಿಯು ಬಿಗಿದು ಕುಳಿತಿದ್ದರೆ, ಮೊದಲು ಜಾಡನ್ನೂ ಗುರಿಯನ್ನೂ ದಾಟುವಂತೆ ಪೆನ್ಸಿಲಿನಿಂದ ಒಂದು ಗೀಟು. ಬಳಿಕ ಹಿತ್ತಾಳೆಯ ಪಂಚನ್ನಿಟ್ಟು ಸಣ್ಣ ಸುತ್ತಿಗೆಯಿಂದ ಒಂದೇ ತಟ್ಟು. ಗೀಟು ಎರಡಾಗಿ ಒಡೆದು ಕಾಣುವ ಬಿರುಕೇ ಸರಿದ ಅಳತೆ. ಹಿತ್ತಾಳೆಯೇ ಏಕೆಂದರೆ ಉಕ್ಕಿಗಿಂತ ಅದು ಮೆದು, ಗಾಯ ಮಾಡದು. ಮುಂಗುರಿಯನ್ನು ತಗ್ಗಿಸಬೇಕಾದಲ್ಲಿ ಕೈಗೆ ಬರುವುದು ನುಣ್ಣನೆಯ ಅರ: ಎರಡು ಸಲ ಎಳೆದು, ಹೊಡೆದು ನೋಡಿ, ಮತ್ತೆ ಎರಡು ಸಲ. ತಟ್ಟಿ ಸರಿಸಿದ್ದನ್ನು ಮರಳಿ ತಟ್ಟಬಹುದು; ಅರೆದುಹೋದ ಕಬ್ಬಿಣವು ಮರಳಿ ಬಾರದು. ಹೊಳಪು ಬಂದ ಮುಂಗುರಿಯು ಬಿಸಿಲಿನಲ್ಲಿ ಕಣ್ಣನ್ನು ಮೋಸಗೊಳಿಸುವುದರಿಂದ ಕೊನೆಗೆ ಅದಕ್ಕೆ ಕರ್ಪೂರದ ಮಸಿ ಹಿಡಿಸುವುದು ಪಂದ್ಯಗಾರರ ಹಳೆಯ ಪದ್ಧತಿ.

ಆದರೆ ಇಷ್ಟಕ್ಕೂ ಮುಂಚೆ ವಿಚಾರಿಸಬೇಕಾದುದು, ತಪ್ಪು ಕಬ್ಬಿಣದ್ದೇ ಎಂಬುದನ್ನು. ಮರಳಿನ ಚೀಲದ ಮೇಲೆ ಕೈಯನ್ನೂರಿ ಐದು ಗುಂಡು ಹೊಡೆದಾಗ ತೂತುಗಳು ಹಲಗೆಯಲ್ಲೆಲ್ಲ ಚದುರಿದ್ದರೆ ಗುರಿಯನ್ನು ಸರಿಸಿ ಪ್ರಯೋಜನವಿಲ್ಲ. ಒತ್ತಾಗಿ ಒಂದೆಡೆ ಸೇರಿದ್ದು ಆ ಎಡೆಯು ಮಾತ್ರ ಮಧ್ಯದಿಂದ ದೂರವಿದ್ದರೆ ಆಗ ಕಬ್ಬಿಣವನ್ನು ಶಂಕಿಸಬಹುದು. ಬಲಗೈಯವರ ಗುಂಡು ಪದೇ ಪದೇ ಕೆಳ ಎಡಕ್ಕೆ ಬೀಳುತ್ತಿದ್ದರೆ ಹತ್ತರಲ್ಲಿ ಎಂಟು ಪಾಲು ಅದು ಟ್ರಿಗರನ್ನು ಸೆಳೆದೆಳೆಯುವ ಬೆರಳಿನ ಅಪರಾಧವೆಂದೇ ನನ್ನ ಅಭಿಪ್ರಾಯ. ರಿವಾಲ್ವರಿನಲ್ಲಿ ತೋಟೆ ಬದಲಾದರೂ ಗುರಿ ಬದಲಾದಂತೆ ತೋರುವುದು. ಭಾರವಾದ ನಿಧಾನದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತಿದ್ದು, ಒದೆತದಿಂದ ಮೂತಿಯು ಮೇಲೆದ್ದ ಬಳಿಕ ಹೊರಡುವುದರಿಂದ, ಹಗುರವಾದುದಕ್ಕಿಂತ ಮೇಲೆ ತಾಗುವುದುಂಟು. ಇನ್ನು ನಲವತ್ತು ದಾಟಿ ಚಾಳೀಸು ಬಂದ ಕಣ್ಣಿಗೆ ತೋಳಿನ ಕೊನೆಯ ಮುಂಗುರಿಯು ಮಸುಕಾಗತೊಡಗುವುದು. ಅಂಥವರು ಅರವನ್ನು ಕೊಳ್ಳುವುದಕ್ಕಿಂತ ಕನ್ನಡಕವನ್ನು ಬದಲಿಸುವುದು ಲೇಸು.

ಹೊಡೆದು ನೋಡುವುದೆಂದು ಸುಲಭವಾಗಿ ಬರೆದೆನಷ್ಟೆ. ಈ ಸೀಮೆಯಲ್ಲಿ ಅದಕ್ಕೆ ಸ್ಥಳವು ಉಳಿದಿಲ್ಲ. ಅರಸರ ಬೇಟೆಯ ಕಾಡಾಗಿದ್ದ ಪ್ರದೇಶದಲ್ಲಿ 1931ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವು ಏರ್ಪಟ್ಟು, ಹತ್ತು ವರ್ಷಗಳ ತರುವಾಯ ಬಂಡೀಪುರದವರೆಗೂ ಹಬ್ಬಿತು. ಬಿಳಿಗಿರಿಯ ಹೊನ್ನಮೇಟಿ ತೋಟದ ಆರ್. ಸಿ. ಮಾರಿಸ್‌ನಂಥ ಬೇಟೆಗಾರರೇ ಕ್ರಮೇಣ ಪ್ರಾಣಿಪಕ್ಷಿಗಳ ಪರವಾಗಿ ಬರೆಯತೊಡಗಿದರು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಬಂದು, ಮರುವರ್ಷವೇ ಬಂಡೀಪುರವು ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ಇದು ಒಳ್ಳೆಯದೇ ಆಯಿತೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಕಾಡಂಚಿನ ಹಿತ್ತಿಲಿನಲ್ಲಿ ಹಲಗೆ ನಿಲ್ಲಿಸಿ ಈಡು ಹಾರಿಸಿದವನು ತನ್ನ ಗುರಿಯ ಲೆಕ್ಕವನ್ನು ಅರಣ್ಯ ರಕ್ಷಕರ ಮುಂದೆಯೂ ಪೊಲೀಸರ ಮುಂದೆಯೂ ಒಪ್ಪಿಸಬೇಕಾದೀತು.

ಕಾಯಿದೆಯೂ ಸ್ಪಷ್ಟವಾಗಿದೆ. 1959ರ ಆಯುಧ ಅಧಿನಿಯಮವು ಪೈರು ಕಾಯಲು ಮೂತಿಯಿಂದ ಮದ್ದು ತುಂಬುವ ಕೋವಿಯನ್ನೂ, ರಕ್ಷಣೆಗೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯದನ್ನೂ ಉದಾರವಾಗಿಯೇ ಕಾಣುತ್ತದೆ. ಕೈಬಂದೂಕಿಗಾದರೋ ಸಕಾರಣವನ್ನು ತೋರಿಸಬೇಕು. ಅದೇ ಅಧಿನಿಯಮದ 5ನೆಯ ಪ್ರಕರಣದ ಮೇರೆಗೆ ಆಯುಧವನ್ನು ದುರಸ್ತಿ ಮಾಡುವುದಕ್ಕೂ ಪರೀಕ್ಷಿಸುವುದಕ್ಕೂ ಬೇರೆಯೇ ಲೈಸೆನ್ಸು ಬೇಕು. ಇಟ್ಟುಕೊಳ್ಳುವ ಲೈಸೆನ್ಸು ಅದಕ್ಕೆ ಸಾಲದು. ತಯಾರಕನೇ ಇತ್ತ ತಿರುಪನ್ನು ತಿರುಗಿಸುವುದು ಬಳಕೆಯೆನ್ನಿಸೀತು, ಅರವನ್ನೂ ಸುತ್ತಿಗೆಯನ್ನೂ ಹಿಡಿದರೆ ದುರಸ್ತಿಯೇ ಎಂದು ನಾನು ತಿಳಿಯುತ್ತೇನೆ.

ಚುನಾವಣೆ ಘೋಷಣೆಯಾದಾಗಲೆಲ್ಲ ಲೈಸೆನ್ಸಿನ ಆಯುಧಗಳನ್ನು ಠಾಣೆಯಲ್ಲಿ ಠೇವಣಿಯಿಡಿಸುವ ರೂಢಿ ನಮ್ಮಲ್ಲುಂಟು. ವಾರಗಟ್ಟಲೆ ಇತರ ಕೋವಿಗಳೊಡನೆ ಒರಗಿ ನಿಂತು ಬಂದ ನಳಿಗೆಯ ಮಣಿಗೆ ಏಟು ಬಿದ್ದಿದ್ದರೆ ಆಶ್ಚರ್ಯವಿಲ್ಲ. ಮರಳಿ ಪಡೆಯುವಾಗ ರಸೀದಿಯ ನಂಬರನ್ನು ಮಾತ್ರ ನೋಡದೆ, ಮಣಿಯು ನೆಟ್ಟಗಿದೆಯೇ, ಹಿಂಗುರಿಯು ಜಾಡಿನಲ್ಲಿ ಅಲುಗುತ್ತಿದೆಯೇ ಎಂಬುದನ್ನು ಅಲ್ಲಿಯೇ ನೋಡಿಕೊಳ್ಳಿರಿ. ಅಲುಗುತ್ತಿದ್ದರೆ ಮನೆಗೆ ಕೊಂಡುಹೋಗಿ ತಟ್ಟದೆ, ದುರಸ್ತಿಯ ಲೈಸೆನ್ಸುಳ್ಳ ಮೈಸೂರಿನ ಅಥವಾ ಬೆಂಗಳೂರಿನ ಅಂಗಡಿಗೆ ಕಾಗದಪತ್ರಗಳೊಡನೆ ಒಯ್ಯಿರಿ.