ಸಣ್ಣ ನಂಬರಿಗೆ ಇಷ್ಟು ದೊಡ್ಡ ಬೆಳಕೇಕೆ?

ಮುಕ್ಕಾಲು, ಒಂದು ನಂಬರಿನ ಸಮೀಪದೃಷ್ಟಿ ಇರುವವರಿಗೆ ಲೇಸರ್‌ನಿಂದ ಕಣ್ಣು ಕೆತ್ತದೆಯೇ ಚಷ್ಮಾ ಬಿಡಿಸಬಹುದು ಎಂಬ ಆಸೆ ಹುಟ್ಟಿಸಿರುವ ವಿಧಾನ ಕಾರ್ನಿಯಲ್ ಕ್ರಾಸ್‌ಲಿಂಕಿಂಗ್. ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾಕ್ಕೆ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನಿನ ಹಳದಿ ಹನಿ ಹಾಕಿ, ಅದು ಒಳಗಿಳಿದ ಮೇಲೆ ನೇರಳಾತೀತ ಬೆಳಕು ಬಿಡುತ್ತಾರೆ. ಆಗ ಕೊಲಾಜೆನ್ ಎಳೆಗಳ ನಡುವೆ ಹೊಸ ಬಂಧಗಳು ಮೂಡಿ ಪೊರೆ ಬಿಗಿಯುತ್ತದೆ, ತುಸು ಚಪ್ಪಟೆಯಾಗುತ್ತದೆ, ಮೈನಸ್ ನಂಬರ್ ಇಳಿಯುತ್ತದೆ. ತರ್ಕ ಸರಿಯೇ. ಆದರೆ ಇಳಿಯುವುದು ಹೆಚ್ಚೆಂದರೆ ಒಂದು ಡಯಾಪ್ಟರಿನ, ಅಂದರೆ ಒಂದು ನಂಬರಿನ, ಆಸುಪಾಸು, ಅದೂ ಎಲ್ಲರಿಗೂ ಒಂದೇ ಸಮನಲ್ಲ. ಮೇಲಾಗಿ ಸಮೀಪದೃಷ್ಟಿ ಬಹುಪಾಲು ಕಣ್ಣುಗುಡ್ಡೆ ಉದ್ದವಾಗುವುದರಿಂದ ಬರುವಂಥದ್ದು. ಬೆಳೆಯುವ ಮಕ್ಕಳಲ್ಲಿ ಕಾರ್ನಿಯಾ ಬಿಗಿದರೂ ಆ ಬೆಳವಣಿಗೆ ನಿಲ್ಲುವುದಿಲ್ಲ.

ಈ ಚಿಕಿತ್ಸೆಯ ಅಸಲಿ ಬೆಲೆ ತಿಳಿಯುವುದು ಕೆರಟೋಕೋನಸ್‌ನಲ್ಲಿ. ಅದರಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಚಾಚುತ್ತದೆ, ನಂಬರ್ ಮೇಲಿಂದ ಮೇಲೆ ಬದಲಾಗುತ್ತದೆ, ಕೊನೆಗೆ ಕೆಲವರಿಗೆ ಕಾರ್ನಿಯಾ ಕಸಿಯೇ ಬೇಕಾಗುತ್ತದೆ. ಜರ್ಮನಿಯ ಡ್ರೆಸ್ಡನ್‌ನ ವೈದ್ಯರು 2003ರಲ್ಲಿ ಪ್ರಕಟಿಸಿದ ಮೊದಲ ಫಲಿತಾಂಶಗಳೂ ಈ ರೋಗದ್ದೇ. ಅಮೆರಿಕ 2016ರಲ್ಲಿ ಮೊದಲು ಒಪ್ಪಿಗೆ ಕೊಟ್ಟದ್ದೂ ಇದಕ್ಕೇ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರೋಹಿತ್ ಶೆಟ್ಟಿ ಮತ್ತು ಸಂಗಡಿಗರು ವರ್ಷಗಳಿಂದ ಈ ರೋಗದ ಬೆನ್ನು ಹತ್ತಿದ್ದಾರೆ. ಕಣ್ಣುಜ್ಜುವ ಚಾಳಿಗೂ ಈ ರೋಗಕ್ಕೂ ನಂಟಿದೆ. ಕಲಬುರಗಿ ಜಿಲ್ಲೆಯ ಮಾದನಹಿಪ್ಪರಗಾದಂಥ ಊರಲ್ಲಿ ತೊಗರಿ ರಾಶಿಯ ಧೂಳಿಗೆ ಕಣ್ಣು ತುರಿಸಿದರೆ ಉಜ್ಜದವರಾರು?

ಅಪರೂಪದ ರೋಗಕ್ಕೆ ಇಷ್ಟೇಕೆ ಗದ್ದಲ ಎನ್ನಬಹುದು. ಆದರೆ ಮಹಾರಾಷ್ಟ್ರದ ಹಳ್ಳಿಗಳಲ್ಲಿ 30 ದಾಟಿದವರನ್ನು ಪರೀಕ್ಷಿಸಿದ ಅಧ್ಯಯನವೊಂದು 100ಕ್ಕೆ 2.3 ಮಂದಿಯಲ್ಲಿ ಇದನ್ನು ಗುರುತಿಸಿತ್ತು. ಅಳತೆಗೋಲು ಸಡಿಲವೆಂಬ ಟೀಕೆ ನ್ಯಾಯವಾದದ್ದೇ. ಆದರೆ ಅರ್ಧ ಕಳೆದರೂ ಉಳಿಯುವ ಸಂಖ್ಯೆ ಸಣ್ಣದಲ್ಲ. ಸಣ್ಣ ನಂಬರಿನವರು ಕೇಳುವ, ಮದುವೆ ಮಾತುಕತೆಗೆ ಚಷ್ಮಾ ಅಡ್ಡಿ, ಕೊಯ್ಯದ ಚಿಕಿತ್ಸೆ ಇದ್ದರೆ ಬೇಡವೇಕೆ ಎಂಬ ಪ್ರಶ್ನೆ ಇನ್ನೂ ಗಟ್ಟಿ. ಆದರೆ ಕೊಯ್ಯದಿದ್ದರೂ, ಮೂಲ ವಿಧಾನದಲ್ಲಿ ಕಾರ್ನಿಯಾದ ಮೇಲ್ಪದರ ಕೆರೆದು ತೆಗೆಯುತ್ತಾರೆ. ಮೂರ್ನಾಲ್ಕು ದಿನ ನೋವು, ಕೆಲವೊಮ್ಮೆ ಸೋಂಕು, ಮಸುಕು. ಪದರ ತೆಗೆಯದ ಹೊಸ ಬಗೆಗಳಲ್ಲಿ ನೋವು ಕಡಿಮೆ, ಪರಿಣಾಮವೂ ಮಿತ. ದೃಷ್ಟಿ ತೀರ ಕೆಡುವ ಭಯವಿದ್ದಲ್ಲಿ ಈ ತೊಂದರೆ ತಾಳಬಹುದು, ಮುಕ್ಕಾಲು ನಂಬರಿಗಲ್ಲ. ಹರೆಯದವರ ನಂಬರ್ ಆರಾರು ತಿಂಗಳಿಗೆ ಬದಲಾಗುತ್ತಿದ್ದರೆ, ಅಡ್ಡ ನಂಬರ್ (ಸಿಲಿಂಡರ್) ಏರುತ್ತಿದ್ದರೆ, ಕಲಬುರಗಿಗೋ ಸೊಲ್ಲಾಪುರಕ್ಕೋ ಹೋದಾಗ ಹೊಸ ಚಷ್ಮಾದ ಜೊತೆಗೆ ಕಾರ್ನಿಯಾದ ಆಕಾರ ಅಳೆಯುವ ಟೊಪೋಗ್ರಫಿ ಪರೀಕ್ಷೆಯನ್ನೂ ಕೇಳಬೇಕು. ಏಕೆಂದರೆ ತಡವಾಗಿ ಪೊರೆ ತೀರ ತೆಳುವಾಗಿ 400 ಮೈಕ್ರಾನಿಗಿಂತ ಕೆಳಗಿಳಿದರೆ ಮೂಲ ವಿಧಾನದ ಕ್ರಾಸ್‌ಲಿಂಕಿಂಗನ್ನು ಹಾಗೆಯೇ ಮಾಡಲು ವೈದ್ಯರು ಹಿಂಜರಿಯುತ್ತಾರೆ.