ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ ಮತ್ತು ಹಾರಾಟದ ಅವಧಿ

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ನೇರ ವಾಯುದೂರ ಸುಮಾರು 14,000 ಕಿ.ಮೀ. ಭೂಮಿ ಗುಂಡಗಿರುವುದರಿಂದ ಅತಿ ಹತ್ತಿರದ ದಾರಿ ನಕ್ಷೆಯ ಮೇಲಿನ ಸರಳರೇಖೆಯಲ್ಲ; ಅದು ಗೋಳದ ಮೇಲೆ ಉತ್ತರಕ್ಕೆ ಬಾಗಿ, ಆರ್ಕ್ಟಿಕ್ ಪ್ರದೇಶದ ಮೂಲಕ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ಹಾರಿ ಬೆಂಗಳೂರಿಗೆ ಬಂದಿಳಿಯಿತು.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಈ ದೂರಕ್ಕೆ ಹದಿನೈದೂವರೆ ಗಂಟೆ ಸಾಕು. ಆದರೆ ಎದುರುಗಾಳಿ, ಸುತ್ತುದಾರಿ, ಏರಿಳಿತಗಳು ಸೇರಿ ಹಾರಾಟ ಸುಮಾರು 17 ಗಂಟೆಗೆ ಮುಟ್ಟುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ, ಎದುರಾದರೆ ಹೆಚ್ಚುತ್ತದೆ.

ಹಾರಾಟದ ಜೊತೆಗೆ ನಿಲ್ದಾಣ ತಲುಪುವ ಸಮಯವನ್ನೂ ಸೇರಿಸಬೇಕು. ಉದಾಹರಣೆಗೆ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಪ್ರಯಾಣಿಕರು ಮೊದಲು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಬೇಕು. ಶ್ರೀರಂಗಪಟ್ಟಣದಿಂದ ಅದು ಸುಮಾರು 160 ಕಿ.ಮೀ.; ಬೆಂಗಳೂರಿನ ಸಂಚಾರ ದಟ್ಟಣೆ ದಾಟಿ ಅಲ್ಲಿಗೆ ತಲುಪಲು ಮೂರು-ನಾಲ್ಕು ಗಂಟೆ ಹಿಡಿಯುತ್ತದೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ಹಾಜರಿರಬೇಕು. ಹೀಗಾಗಿ ಮನೆಯಿಂದ ಮನೆಗೆ ಒಂದು ಪೂರ್ಣ ದಿನವೇ ಬೇಕು.

ಸ್ಯಾನ್ ಫ್ರಾನ್ಸಿಸ್ಕೊ ಗಡಿಯಾರ ಭಾರತಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಆದ್ದರಿಂದ ಟಿಕೆಟ್‌ನಲ್ಲಿರುವ ಸ್ಥಳೀಯ ವೇಳೆಗಳನ್ನು ನೇರವಾಗಿ ಕಳೆದರೆ ಹಾರಾಟದ ಅವಧಿ ಸಿಗದು; ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.