ಕೂಸಿನ ಉಸಿರಿಗೆ ಕಿವಿಗೊಡಿ

ಮೂಡಿಗೆರೆ, ಕಳಸಗಳ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಶೀತವಿಲ್ಲದ ಮನೆಯೇ ಅಪರೂಪ. ಅಂಥ ದಿನಗಳಲ್ಲಿ ತೊಟ್ಟಿಲ ಕೂಸು ಉಸಿರೆಳೆಯುವಾಗ ಗೊರಗೊರ ಸದ್ದು ಮಾಡಿದರೆ, ನೆಗಡಿಯೆಂದು ಮನೆಯವರು ಸುಮ್ಮನಾಗುವುದು ಸಹಜ. ಎಷ್ಟೋ ವೇಳೆ ಅದು ನಿಜವೂ ಹೌದು. ಆದರೆ ನೆಗಡಿ ಕೆಲವು ದಿನಗಳಲ್ಲಿ ಇಳಿಯುತ್ತದೆ; ಶ್ವಾಸಮಾರ್ಗದ ಹುಟ್ಟುದೋಷದ ಸದ್ದು ಹಾಗೆ ಇಳಿಯುವುದಿಲ್ಲ.

ನವಜಾತ ಶಿಶುವಿನ ಧ್ವನಿಪೆಟ್ಟಿಗೆಯ ಕೆಳಗೆ ಗಾಳಿಯ ದಾರಿ ಸುಮಾರು 4 ಮಿಲಿಮೀಟರು ಅಗಲ ಮಾತ್ರ. ಸುತ್ತಲೂ 1 ಮಿಲಿಮೀಟರು ಬಾವು ಬಂದರೂ ಮುಕ್ಕಾಲು ದಾರಿ ಮುಚ್ಚಿತೆಂದೇ ಲೆಕ್ಕ. ಹುಟ್ಟುದೋಷವಿರುವ ಕೂಸಿಗೆ ಸಣ್ಣ ನೆಗಡಿಯೂ ದೊಡ್ಡ ಗಂಡಾಂತರವಾಗುವುದು ಇದರಿಂದಲೇ.

ಈ ದೋಷಗಳಲ್ಲಿ ಹೆಚ್ಚಾಗಿ ಕಾಣುವುದು ಲ್ಯಾರಿಂಗೋಮಲೇಶಿಯ. ಧ್ವನಿಪೆಟ್ಟಿಗೆಯ ಮೇಲ್ಭಾಗ ಮೆತ್ತಗಿದ್ದು, ಉಸಿರೆಳೆದಾಗ ಒಳಕ್ಕೆ ಕುಸಿಯುತ್ತದೆ. ಅಂಗಾತ ಮಲಗಿಸಿದಾಗ, ಹಾಲೂಡುವಾಗ ಸದ್ದು ಹೆಚ್ಚು. ಬಹುತೇಕ ಮಕ್ಕಳಲ್ಲಿ ಎರಡು ವರ್ಷದೊಳಗೆ ಇದು ತಾನಾಗಿಯೇ ವಾಸಿಯಾಗುತ್ತದೆ.

ಇನ್ನು ಕೆಲವು ವಿರಳ, ಆದರೆ ಕಾಯುವಂಥವಲ್ಲ. ಮೂಗಿನ ಎರಡು ಹಿಂಬಾಗಿಲೂ ಮುಚ್ಚಿರುವ ಕೂಸು ಬಾಯಿ ಮುಚ್ಚಿದಾಗ ನೀಲಿಗಟ್ಟಿ, ಅತ್ತಾಗ ಮತ್ತೆ ಕೆಂಪೇರುತ್ತದೆ. ಅನ್ನನಾಳ ನಡುವೆ ತುಂಡಾಗಿ ಶ್ವಾಸನಾಳಕ್ಕೆ ಕೂಡಿಕೊಂಡಿದ್ದರೆ ಬಾಯಲ್ಲಿ ನೊರೆ. ಮೊದಲ ಹಾಲಿಗೇ ಕೆಮ್ಮು, ಉಸಿರುಕಟ್ಟು. 1941ರಲ್ಲಿ ಅಮೆರಿಕೆಯ ಮಿಚಿಗನ್ನಿನಲ್ಲಿ ಕ್ಯಾಮರಾನ್ ಹೈಟ್ ಎಂಬ ವೈದ್ಯರು ಇಂಥ ನಾಳವನ್ನು ಒಂದೇ ಶಸ್ತ್ರಕ್ರಿಯೆಯಲ್ಲಿ ಜೋಡಿಸಿ ಮೊದಲ ಬಾರಿಗೆ ಕೂಸನ್ನು ಉಳಿಸಿದರು. ಇಂದು ಸಕಾಲಕ್ಕೆ ಆಸ್ಪತ್ರೆ ಸೇರಿದ ಹೆಚ್ಚಿನ ಕೂಸುಗಳು ಬದುಕುತ್ತವೆ.

ಸಕಾಲಕ್ಕೆ ಎಂಬ ಮಾತು ಮಲೆನಾಡಿನಲ್ಲಿ ಭಾರವಾದುದು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯ ದಾರಿಯೇ ಮುಚ್ಚಿತ್ತು. ಘಟ್ಟ ಇಳಿಯಬೇಕಾದವರು ಚಿಹ್ನೆಗಳನ್ನು ಬೇಗ ಗುರುತಿಸಲೇಬೇಕು. ತುಟಿ ನೀಲಿಗಟ್ಟುವುದು, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುವುದು, ಉಸಿರು ನಿಂತು ನಿಂತು ಬರುವುದು — ಇವುಗಳಲ್ಲಿ ಒಂದನ್ನು ಕಂಡರೂ ತಡಮಾಡದೆ 108ಕ್ಕೆ ಕರೆಮಾಡಿ. ಹಾಲು ಕುಡಿಯಲಾರದಿದ್ದರೆ, ತೂಕ ಏರದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಬಾಣಂತಿಯ ಮನೆಗೆ 42ನೆಯ ದಿನದವರೆಗೆ ಆಶಾ ಕಾರ್ಯಕರ್ತೆ ಹಲವು ಸಲ ಬರುವುದುಂಟು. ತೋಟದ ಲೈನುಮನೆಯ ತಾಯಿಯೂ ಸದ್ದಿನ ವಿಷಯವನ್ನು ಆಕೆಗೆ ಸಂಕೋಚವಿಲ್ಲದೆ ತಿಳಿಸಬಹುದು. ವೈದ್ಯರ ಮುಂದೆ ಕೂಸು ಶಾಂತವಾಗಿದ್ದುಬಿಡಬಹುದು. ಆದುದರಿಂದ ಸದ್ದು ಕೇಳಿಸಿದಾಗಲೇ ಮೊಬೈಲಿನಲ್ಲಿ ಚಿತ್ರಸಹಿತ ಹಿಡಿದಿಟ್ಟುಕೊಂಡು ಹೋಗಿ ತೋರಿಸಿರಿ.